ನಿಧಾನಪ್ಪ ಕೂತು ಬಾರಿಸಿದ್ದು

ಆ ಬೀದಿಯವರು ಬೆಳಗ್ಗೆ ಬಾಗಿಲು ತೆಗೆಯುವ ಮೊದಲು ಕಿಟಕಿಯಿಂದ ಒಮ್ಮೆ ಇಣುಕಿ ನೋಡುತ್ತಿದ್ದರು. ಮೋಡ ಕವಿದಿದೆಯೇ ಎಂದಲ್ಲ, ನಿಧಾನಪ್ಪ ಹೊರಟುಹೋದನೇ ಎಂದು. ಅವನು ಮೂಲೆ ತಿರುಗಿದ ಮೇಲೆಯೇ ಚಿಲಕಗಳು ಸರಿಯುತ್ತಿದ್ದವು, ಮಕ್ಕಳು ಶಾಲೆಗೆ ಹೊರಡುತ್ತಿದ್ದವು, ಗಂಡಸರು ಸೈಕಲ್ ಇಳಿಸುತ್ತಿದ್ದರು.

ನಿಧಾನಪ್ಪ ಕಳ್ಳನಲ್ಲ, ಕುಡುಕನಲ್ಲ, ಕಂಡವರ ಮೇಲೆ ಹರಿಹಾಯುವವನೂ ಅಲ್ಲ. ಸಾವಿನ ಮನೆಗೆ ಹೋಗುವ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ, ಅಷ್ಟೆ. ಹೆಣದ ಮುಂದೆ ನಡೆಯುತ್ತ ಒಂದು ಹೆಜ್ಜೆಗೆ ಒಂದು ಪೆಟ್ಟು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಮನುಷ್ಯ ಆರಾಮವಾಗಿ ಆಕಳಿಸಿ ಬಾಯಿ ಮುಚ್ಚಿಕೊಳ್ಳುವಷ್ಟು ಬಿಡುವು. ಅಪ್ಪ ಅಮ್ಮ ಇಟ್ಟ ಹೆಸರು ಸವೆದುಹೋಗಿ ಈ ಹೆಸರು ಅಂಟಿಕೊಂಡದ್ದು ಆ ತಾಳದಿಂದಲೇ. ಆ ಕಸುಬಿಗೊಂದು ಕಟ್ಟಳೆಯಿತ್ತು. ಅಂಗಳದಲ್ಲಿ ಒಮ್ಮೆ ತಾಳ ಶುರುವಾಯಿತೆಂದರೆ ಮನೆಯ ಹಿರಿಯ ಕೈ ಎತ್ತುವವರೆಗೆ ನಿಲ್ಲಿಸುವಂತಿಲ್ಲ. ಸಿಡಿಲು ಬಡಿದರೂ ಇಲ್ಲ, ಆಸ್ತಿಯ ಜಗಳ ಅಲ್ಲೇ ಹತ್ತಿಕೊಂಡರೂ ಇಲ್ಲ. ಒಮ್ಮೆ ಅಣ್ಣತಮ್ಮಂದಿರು ಹಿರಿಯ ಯಾರೆಂದು ತೀರ್ಮಾನಿಸುವ ಹೊತ್ತಿಗೆ ನಿಧಾನಪ್ಪನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಅವನ ಹೆಂಡತಿಗೆ ಇದ್ದದ್ದು ಒಂದೇ ಆಸೆ. ಯಾರಾದರೂ ಒಬ್ಬರು ಬಾಗಿಲಿಗೆ ಬಂದು, ‘ನಮ್ಮನೇಲಿ ಕಾರ್ಯ ಇದೆ, ಬರಬೇಕು’ ಎಂದು ಕರೆಯಬೇಕು. ಬೀದಿಯಲ್ಲಿ ಮದುವೆಗಳಾಗುತ್ತಿದ್ದವು, ಮಕ್ಕಳಿಗೆ ಹೆಸರಿಡುತ್ತಿದ್ದರು. ಕರೆಯುವವರು ಎಡಗಡೆಯ ಮನೆಗೆ ಹೋಗುತ್ತಿದ್ದರು, ಬಲಗಡೆಯ ಮನೆಗೆ ಹೋಗುತ್ತಿದ್ದರು. ನಡುವಿನ ಬಾಗಿಲ ಮುಂದೆ ಮಾತ್ರ ಅವರ ಕಾಲಿಗೆ ಎಲ್ಲಿಲ್ಲದ ಚುರುಕು ಬರುತ್ತಿತ್ತು.

“ತಪ್ಪು ತಿಳೀಬೇಡಮ್ಮ” ಎಂದಿದ್ದಳು ಎದುರುಮನೆಯ ಇಸ್ತ್ರಿಯವಳು. “ನೀವೇನೋ ಬಂಗಾರದಂಥೋರು. ಆದ್ರೆ ನಿಮ್ಮೆಜಮಾನ್ರು ಒಳಗೆ ಕಾಲಿಟ್ರೆ ಸಾಕು, ಬಂದೋರೆಲ್ಲ ‘ಯಾರು ಹೋದ್ರು?’ ಅಂತಾರೆ.”

ಹೀಗಿರುವಾಗ ಒಂದು ದಿನ ಹೆಂಡತಿಯ ತಮ್ಮ ಓಡೋಡಿ ಬಂದ. ಪೇಟೆಯ ಮ್ಯೂಸಿಕ್ ಹಾಲಿನಲ್ಲಿ ಕುರ್ಚಿ ಸರಿಸುವುದು, ದೀಪ ತಿರುಗಿಸುವುದು ಅವನ ಕೆಲಸ. ಮಾತು ಕೇಳಿದರೆ ಆ ಹಾಲನ್ನು ಅವನೇ ಕಟ್ಟಿಸಿ ಮಾಲೀಕನಿಗೆ ನೋಡಿಕೊಳ್ಳಲು ಕೊಟ್ಟಿದ್ದಾನೆ ಎನ್ನಬೇಕು.

“ಭಾವ, ನಿಮ್ಮ ಅದೃಷ್ಟ ಖುಲಾಯಿಸ್ತು! ನಮ್ಮ ಆರ್ಕೆಸ್ಟ್ರಾದ ಡ್ರಮ್ಮಿನೋನು ಸ್ಕೂಟರಿಂದ ಬಿದ್ದು ಕೈ ಮುರ್ಕೊಂಡ. ಶನಿವಾರ ಸಾಯಂಕಾಲ ನೀವೇ. ಚೆನ್ನಾಗಾದ್ರೆ ಕಾಯಂ ಅಂತೆ.”

“ನನ್ನ ವಿಷಯ ಏನಂತ ಹೇಳ್ದೆ?” ನಿಧಾನಪ್ಪ ಹೆದರುತ್ತ ಕೇಳಿದ.

“ನಿಜಾನೇ ಹೇಳ್ದೆ. ದೊಡ್ಡದೊಡ್ಡ ಮನೆಯೋರು ಕರೆಸ್ಕೋತಾರೆ ಅಂದೆ. ಅವ್ರು ಬಾರಿಸ್ತಾ ಹೊರಟ್ರೆ ಜನ ಹಿಂದೇನೇ ಬರ್ತಾರೆ, ಬಸ್ಸು ಕಾರು ನಿಂತೋಗತ್ತೆ ಅಂದೆ. ಗಂಡಸ್ರೂ ಕಣ್ಣೀರು ಹಾಕ್ತಾರೆ ಅಂದೆ. ಅವ್ರು ಯಾರಿಗೋಸ್ಕರ ಬಾರಿಸಿದ್ರೋ, ಅವ್ರಲ್ಲಿ ಒಬ್ರೂ ಇವತ್ತಿನವರೆಗೆ ಚೆನ್ನಾಗಿಲ್ಲ ಅಂತ ಬಾಯಿ ಬಿಟ್ಟಿಲ್ಲ ಅಂದೆ.”

ನಿಧಾನಪ್ಪ ಒಂದೊಂದು ಮಾತನ್ನೂ ತಿರುವಿಹಾಕಿ ನೋಡಿದ. ಒಂದೂ ಸುಳ್ಳಲ್ಲ. ಸತ್ಯವನ್ನೇ ಇಷ್ಟು ಅಚ್ಚುಕಟ್ಟಾಗಿ ಜೋಡಿಸಬಲ್ಲವನಿಗೆ ಸುಳ್ಳಿನ ಹಂಗು ಯಾಕೆ? ಅವನು ಬೇಡವೆನ್ನಲು ಬಾಯಿ ತೆರೆದ. ಆಗ ಹೆಂಡತಿಯ ಮುಖ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿಕೊಂಡ.

ಬ್ಯಾಂಡಿನ ಮುದಿ ಮೇಷ್ಟ್ರಿಗೆ ವಿಷಯ ತಿಳಿಸಿದಾಗ ಅವರು ಕಹಳೆಯ ಬಾಯಿ ಒರೆಸುತ್ತ ಇಷ್ಟೇ ಹೇಳಿದರು: “ಹೋಗು, ಬದುಕಿರೋರ ಮುಂದೇನೂ ಒಂದ್ಸಲ ಬಾರಿಸಿ ನೋಡು. ಅವ್ರು ಮಧ್ಯದಲ್ಲೇ ಎದ್ದು ಹೋಗ್ತಾರೆ. ನಮ್ಮೋರು ಹೋಗಲ್ಲ.”

ಸುದ್ದಿ ಬೀದಿಗೆ ಹಬ್ಬಿತು. ಭಾವಮೈದ ಪುಕ್ಕಟೆ ಪಾಸುಗಳನ್ನೂ ತಂದು ಹಂಚಿದ. ಬೆಳಗ್ಗೆ ಮುಖ ತಪ್ಪಿಸುತ್ತಿದ್ದವರು ಸಂಜೆ ಮನೆಯ ಮುಂದೆ ನಿಂತು ನಗತೊಡಗಿದರು. ಇಸ್ತ್ರಿಯವನು ‘ಏನಯ್ಯಾ’ ಬಿಟ್ಟು ‘ನಿಧಾನಪ್ಪನೋರೆ’ಗೆ ಏರಿದ. ಅವನಂಗಿಗೆ ತಾನಾಗಿ ಇಸ್ತ್ರಿ ಹಾಕಿಕೊಟ್ಟ. ಇಸ್ತ್ರಿಯವಳಂತೂ ಹೆಂಡತಿಯ ಕೈ ಹಿಡಿದೇಬಿಟ್ಟಳು. “ಶನಿವಾರದ್ದೊಂದು ಚೆನ್ನಾಗಿ ಆಗ್ಲಿ. ನಮ್ಮ ಮಗಳ ಮದುವೆಗೆ ಮೊದಲ ಕರೆ ನಿಮ್ಮನೆಗೇ. ನಾನೇ ಬಂದು ಕರೀತೀನಿ.”

ಆ ರಾತ್ರಿ ಹೆಂಡತಿ ಊಟಕ್ಕೆ ಬಡಿಸುತ್ತ, “ರೀ, ಸ್ವಲ್ಪ ಬೇಗ ಬಾರಿಸ್ತೀರಾ?” ಎಂದಳು. ಮದುವೆಯಾದಂದಿನಿಂದ ಅವಳು ಅವನಲ್ಲಿ ಕೇಳಿದ ದೊಡ್ಡ ವಸ್ತು ಅದೇ.

ಬೇಗ ಬಾರಿಸುವುದೇನೋ ಕಲಿಯಬಹುದು. ಆದರೆ ನಿಧಾನಪ್ಪನಿಗೆ ಇನ್ನೊಂದು ತೊಡಕಿತ್ತು. ಅವನು ಜೀವಮಾನದಲ್ಲಿ ಕೂತು ಬಾರಿಸಿದವನೇ ಅಲ್ಲ. ಕೈ ಎದ್ದರೆ ಕಾಲೂ ಏಳಬೇಕು. ತಾಲೀಮಿನ ದಿನ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಸುತ್ತ ಸಣ್ಣ ದೊಡ್ಡ ಡ್ರಮ್ಮು, ಹಿತ್ತಾಳೆ ತಟ್ಟೆಗಳನ್ನೆಲ್ಲ ಇಟ್ಟು ಶುರು ಮಾಡು ಎಂದರು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಅವನು ಸ್ಟೂಲಿನ ಸಮೇತ ವೇದಿಕೆಯ ಅಂಚಿಗೆ ಬಂದಿದ್ದ.

“ಅಣ್ಣಾ, ಎಲ್ಲಿಗೆ ಹೊರಟ್ರಿ?” ಹಾಡುವವಳು ಕೇಳಿದಳು.

ಎಲ್ಲಿಗೆಂದು ಹೇಳುವ ಹಾಗಿರಲಿಲ್ಲ. ಗಿಟಾರಿನವನು ಅವನ ಸೊಂಟವನ್ನು ಸ್ಟೂಲಿಗೂ ಸ್ಟೂಲಿನ ಕಾಲನ್ನು ವೇದಿಕೆಯ ಕಂಬಿಗೂ ಹಗ್ಗದಿಂದ ಬಿಗಿದ. “ಅಣ್ಣಾ, ಬೇಗ. ಇನ್ನೂ ಬೇಗ. ಯಾರೋ ಸತ್ತಿರೋ ಥರ ಬಾರಿಸ್ಬೇಡಿ” ಎಂದಳು ಹಾಡುವವಳು. ಭಾವಮೈದ ದೀಪದ ಹಿಂದೆ ನಿಂತು ಜೋರಾಗಿ ಕೆಮ್ಮಿದ.

ಶನಿವಾರ ಬಂತು. ಸಂಗೀತ ಕೇಳುವ ಜಾಗವೆಂದರೆ ಏನೋ ಎಂತೋ ಎಂದುಕೊಂಡು ಬೀದಿಯವರೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು. ಒಳಗೆ ಕಾಲಿಟ್ಟರೆ ನೆಲ ಚಪ್ಪಲಿಯನ್ನು ಹಿಡಿದುಕೊಂಡು ಬಿಡಲೊಲ್ಲದು. ಯಾರೋ ಚೆಲ್ಲಿದ್ದು, ಯಾರೋ ತುಳಿದದ್ದು. ಪುಕ್ಕಟೆ ಪಾಸಿನವರಿಗೆ ಕೊಟ್ಟದ್ದು ಕೊನೆಯ ಸಾಲು. ಮುಂದೆ ಒಂದು ದಪ್ಪ ಕಂಬ, ಹಿಂದೆ ಪಾಯಿಖಾನೆಯ ಬಾಗಿಲು. ಆ ಬಾಗಿಲು ತೆರೆದಾಗಲೆಲ್ಲ ಇಡೀ ಸಾಲು ಉಸಿರು ಹಿಡಿಯುತ್ತಿತ್ತು. ಶಬ್ದವೋ, ಎದೆಯೊಳಗೆ ಯಾರೋ ಕುರ್ಚಿ ಎಳೆದಾಡಿದ ಹಾಗೆ. “ಚೆನ್ನಾಗಿದೆ ಅಲ್ವಾ?” ಎಂದು ಇಸ್ತ್ರಿಯವಳು ಕಿರುಚಿದಳು. “ಏನು?” ಎಂದು ಹೆಂಡತಿ ಕಿರುಚಿದಳು. ಇಬ್ಬರೂ ತಲೆಯಾಡಿಸಿದರು.

ಮುಂದಿನ ಸಾಲಿನಲ್ಲಿ ಸೋಫಾಗಳು. ಅಲ್ಲಿ ಹಾಲಿನ ಮಾಲೀಕ, ಅವನ ಹೆಂಡತಿ, ಅವನ ದೊಡ್ಡಪ್ಪನ ಮಗ, ಹಾಲಿಗೆ ಲೈಸೆನ್ಸು ಕೊಡುವ ಇನ್ಸ್‌ಪೆಕ್ಟರು. ನಟ್ಟನಡುವೆ ಮಾಲೀಕನ ಅಪ್ಪ, ಹಣ್ಣು ಮುದುಕರು. ಅವರನ್ನು ಮನೆಯಲ್ಲಿ ಒಬ್ಬರನ್ನೇ ಬಿಟ್ಟರೆ ಒಲೆ ಹಚ್ಚಿ ಮರೆಯುತ್ತಾರೆಂದು ಕರೆತಂದಿದ್ದರು. ಕಿವಿಯ ಯಂತ್ರದಲ್ಲಿ ಆ ಗದ್ದಲ ತಡೆಯಲಾರದೆ ಅವರು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು.

ಮೊದಲ ಹಾಡು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು. ಹಾಡುವವಳು ಮುಂದಕ್ಕೆ ಓಡುತ್ತಾಳೆ, ನಿಧಾನಪ್ಪ ಹಿಂದಕ್ಕೆ ಎಳೆಯುತ್ತಾನೆ. ಎರಡನೆಯ ಹಾಡಿಗೆ ಅವನು ಹಲ್ಲು ಕಚ್ಚಿ ವೇಗ ಹಿಡಿದ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಹಗ್ಗ ಕಿರುಗುಟ್ಟುತ್ತಿತ್ತು. ಆದರೂ ಜನ ಚಪ್ಪಾಳೆ ತಟ್ಟಿದರು. ಅವನಿಗಾಗಿ ಚಪ್ಪಾಳೆ ಬಿದ್ದದ್ದು ಹುಟ್ಟಿದ ಮೇಲೆ ಇದೇ ಮೊದಲು. ಅವನ ಕೆಲಸಕ್ಕೆ ಚಪ್ಪಾಳೆ ತಟ್ಟುವ ಪದ್ಧತಿ ಎಲ್ಲೂ ಇಲ್ಲವಷ್ಟೆ. ಕಂಬದ ಮರೆಯಿಂದ ಕತ್ತು ಚಾಚಿ ಹೆಂಡತಿ ನಗುತ್ತಿದ್ದುದು ಕಂಡಿತು.

ಮೂರನೆಯ ಹಾಡಿನ ನಡುವೆ ಅವನ ಕಣ್ಣು ಮುಂದಿನ ಸಾಲಿಗೆ ಇಳಿಯಿತು.

ಮುದುಕರ ತಲೆ ಸೋಫಾದ ಮೇಲೆ ಹಿಂದಕ್ಕೆ ಬಿದ್ದಿತ್ತು. ಬಾಯಿ ತೆರೆದಿತ್ತು. ಒಂದು ಕೈ ಕೆಳಗೆ ಜೋತಿತ್ತು, ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದಿತ್ತು. ನೀಲಿ ದೀಪ ಮುಖದ ಮೇಲೆ ನಿಂತಿತ್ತು. ಇಂಥ ಬಾಯಿಗಳನ್ನು ನಿಧಾನಪ್ಪ ಬೇಕಾದಷ್ಟು ನೋಡಿದ್ದ. ಇದರಲ್ಲಿ ತಾನು ತಪ್ಪುವವನಲ್ಲ ಎಂದು ಅವನ ನಂಬಿಕೆ. ಅಯ್ಯೋ, ಒಂದು ಜೀವ ಹೋಗಿದೆ, ಪಕ್ಕದಲ್ಲೇ ಸೊಸೆ ಹುರಿದ ಕಡಲೆಕಾಯಿ ಬಾಯಿಗೆ ಎಸೆದುಕೊಳ್ಳುತ್ತಿದ್ದಾಳೆ, ತಾನು ಹೆಣದ ಮುಂದೆ ಕುಣಿತದ ತಾಳ ಬಾರಿಸುತ್ತಿದ್ದೇನೆ! ನಿಲ್ಲಿಸಿ ಕೂಗಿ ಹೇಳಬಹುದಿತ್ತು. ಆದರೆ ಸಾವಿನ ಸುದ್ದಿ ಹೇಳುವುದು ಮನೆಯವರ ಕೆಲಸ, ಬಾರಿಸುವುದು ಬ್ಯಾಂಡಿನವರ ಕೆಲಸ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ಸುಡುವ ಜಾಗದಲ್ಲೇ ಕಲಿತ ಗುಣ ಹೋದೀತೇ?

ಕೈ ತಾನಾಗಿ ನಿಧಾನವಾಯಿತು. ಒಂದು ಪೆಟ್ಟು. ಬಿಡುವು. ಇನ್ನೊಂದು ಪೆಟ್ಟು.

ಹಾಡುವವಳು ಒಂದು ಸಾಲು ಮುಂದೆ ಹೋಗಿ ಒಬ್ಬಂಟಿಯಾಗಿ ನಿಂತಳು. ಗಿಟಾರು ತಡವರಿಸಿ ಬಾಯಿ ಮುಚ್ಚಿತು. ಆ ಮೌನದಲ್ಲಿ ತಾಳ ಹಾಲಿನ ಉದ್ದಕ್ಕೂ ನಡೆದು ಕೊನೆಯ ಸಾಲನ್ನು ಮುಟ್ಟಿತು. ಆ ಸಾಲಿನವರು ಈ ತಾಳ ಕೇಳುತ್ತಲೇ ಬದುಕಿದವರು. ಹೆಣ ಹಾದುಹೋಗುವಾಗ ಕೆಲಸ ಬಿಟ್ಟು ಏಳುವುದು ಅವರ ಮೈಗೆ ರೂಢಿ. ಇಸ್ತ್ರಿಯವನು ಧಡಕ್ಕನೆ ಎದ್ದು ಟೋಪಿ ತೆಗೆದ. ಇಡೀ ಸಾಲು ಎದ್ದು ತಲೆ ತಗ್ಗಿಸಿತು.

“ಯಾರು ಹೋದ್ರು?” ಎಂದ ಇಸ್ತ್ರಿಯವನು.

ಅವರು ಎದ್ದದ್ದು ನೋಡಿ ಮುಂದಿನವರು ಎದ್ದರು, ಅವರನ್ನು ನೋಡಿ ಅವರ ಮುಂದಿನವರು. ‘ಯಾರು ಹೋದ್ರು?’ ಎಂದು ಹೊರಟ ಪ್ರಶ್ನೆ ನಾಲ್ಕು ಸಾಲು ದಾಟುವಷ್ಟರಲ್ಲಿ ‘ಮುಂದೆ ಯಾರೋ ಹೋದ್ರಂತೆ’ ಆಯಿತು, ಸೋಫಾ ಮುಟ್ಟುವಷ್ಟರಲ್ಲಿ ‘ಮುದುಕ್ರು ಹೋದ್ರಂತೆ’ ಆಯಿತು.

ಮಾಲೀಕ ತಿರುಗಿ ಅಪ್ಪನನ್ನು ನೋಡಿದ. “ಥತ್, ಶನಿವಾರಾನೇ ಆಗ್ಬೇಕಿತ್ತಾ?”

“ಒಳ್ಳೇ ಸಾವು ಬಿಡಿ” ಎಂದಳು ಸೊಸೆ, ಕಡಲೆಕಾಯಿಯ ಪೊಟ್ಟಣ ಮಡಿಸುತ್ತ. “ಅವ್ರದು ಗಾಳಿ ಬೆಳಕಿನ ಕೋಣೆ. ಸುಣ್ಣ ಹೊಡೆಸಿದ್ರೆ ನಮ್ಮಮ್ಮನ್ನ ಕರೆಸ್ಕೋಬಹುದು.”

“ಬೆರಳು ಬಿಗಿಯೋಕೆ ಮುಂಚೆ ಉಂಗುರ ತೆಗೀಬೇಕು, ಆಮೇಲೆ ಕಷ್ಟ” ಎಂದ ದೊಡ್ಡಪ್ಪನ ಮಗ. ಹೇಳುವುದಷ್ಟೇ ಅಲ್ಲ, ಮಂಡಿಯೂರಿ ಕೆಲಸವನ್ನೂ ಶುರು ಮಾಡಿದ.

ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡರು. “ನೋಡಿ ಸ್ವಾಮಿ, ಹಾಲಿನ ಒಳಗೆ ಸತ್ರೆ ಅದು ನನ್ನ ತಲೆಗೆ ಬರತ್ತೆ, ಬೀಗ ಹಾಕಿಸ್ಬೇಕಾಗತ್ತೆ. ಮೆಟ್ಟಿಲ ಕೆಳಗೆ ಸತ್ರೆ ಪೊಲೀಸಿನೋರ ಪಾಡು. ಒಂಚೂರು ಎತ್ಕೊಂಡು ಹೋಗಿ ಅಲ್ಲಿ ಸಾಯ್ಸಿ. ಅಂದ್ರೆ, ಸತ್ತ ಹಾಗೆ ಮಾಡಿ.”

ಮೇಲೆ ಕೂತಿದ್ದ ನಿಧಾನಪ್ಪನಿಗೆ ಎಲ್ಲರ ಮುಖಗಳೂ ಕಾಣುತ್ತಿದ್ದವು. ಕಣ್ಣು ಒರೆಸಿಕೊಳ್ಳುವವರು ಯಾರು, ಬರದ ನೀರಿಗಾಗಿ ಕಣ್ಣು ಉಜ್ಜಿಕೊಳ್ಳುವವರು ಯಾರು ಎಂದು ಅವನಿಗೆ ಅಂಗಳದಲ್ಲಿ ನಿಂತು ನಿಂತು ಅಭ್ಯಾಸ. ಈ ಮನೆಯವರು ಉಜ್ಜಿಕೊಳ್ಳುವ ತೊಂದರೆಯನ್ನೂ ತೆಗೆದುಕೊಂಡಿರಲಿಲ್ಲ. ಹಾಡುವವಳು, “ನಿಲ್ಸಿ ಅಣ್ಣಾ, ಕೈ ಮುಗೀತೀನಿ ನಿಲ್ಸಿ” ಎಂದು ಅಳುವಂತಾಗಿದ್ದಳು. ಅವನಿಗೂ ನಿಲ್ಲಿಸಿದರೆ ಸಾಕಾಗಿತ್ತು. ಆದರೆ ಹಿರಿಯ ಕೈ ಎತ್ತಬೇಕಲ್ಲ! ಮಾಲೀಕ ಎತ್ತುತ್ತಾನೇನೋ ಎಂದು ಆಸೆಯಿಂದ ನೋಡಿದ. ಮಾಲೀಕನ ಎರಡು ಕೈಗಳೂ ಸೊಂಟದ ಮೇಲಿದ್ದವು.

ಅಷ್ಟರಲ್ಲಿ ಕೈ ಎದ್ದಿತು. ಜೋತುಬಿದ್ದಿದ್ದ ಕೈ. ಅದರ ಉಂಗುರ ಹಿಡಿದಿದ್ದ ದೊಡ್ಡಪ್ಪನ ಮಗನೂ ಜೊತೆಗೆ ಅರ್ಧ ಎದ್ದ. ಮುದುಕರು ಕಣ್ಣು ಬಿಟ್ಟು, ತಮ್ಮ ಸುತ್ತ ತಲೆ ತಗ್ಗಿಸಿ ನಿಂತ ಇಡೀ ಹಾಲನ್ನು ನೋಡಿ, ಏನು ಎಂಬಂತೆ ಬೆರಳು ತಿರುಗಿಸಿದರು.

ಮನೆಗೆ ಅವರೇ ಹಿರಿಯರು. ನಿಧಾನಪ್ಪ ಕೂಡಲೇ ನಿಲ್ಲಿಸಿದ. ಕಟ್ಟಳೆಗೆ ಎಲ್ಲಿಯೂ ಲೋಪ ಬರಲಿಲ್ಲ.

ಆಮೇಲೆ ನಡೆದದ್ದು ಹೇಳುವಂಥದ್ದಲ್ಲ. ಇನ್ಸ್‌ಪೆಕ್ಟರು ನಿಂತಲ್ಲೇ ಪ್ರಜ್ಞೆ ತಪ್ಪಿದರು. ಅವರೂ ಹಾಲಿನ ಒಳಗೇ ತಪ್ಪಿದ್ದರಿಂದ ಯಾರ ತಲೆಗೆ ಬರುತ್ತದೆಂದು ಕೇಳುವವರಿರಲಿಲ್ಲ. ಸೊಸೆ “ಮಾವಾ!” ಎಂದು ಚೀರಿ ಮೊದಲ ಬಾರಿ ಕಣ್ಣೀರು ಸುರಿಸಿದಳು. ಮಾಲೀಕ ವೇದಿಕೆ ಹತ್ತಿ, “ಈ ಶನೀನ ಕರ್ಕೊಂಡು ಬಂದೋರು ಯಾರೋ?” ಎಂದು ಗುಡುಗಿದ. ದೀಪದ ಹಿಂದಿನಿಂದ ಭಾವಮೈದನ ದನಿ ಬಂತು: “ನಂಗೆ ಗೊತ್ತೇ ಇಲ್ಲ ಸಾರ್. ಇವ್ರನ್ನ ನಾನು ಇವತ್ತೇ ನೋಡ್ತಿರೋದು.” ಅಕ್ಕನ ಗಂಡನ ಮುಖ ಅಷ್ಟು ಸಲೀಸಾಗಿ ಮರೆತುಹೋಗುತ್ತದೆಂದು ನಿಧಾನಪ್ಪನಿಗೆ ತಿಳಿದಿರಲಿಲ್ಲ. ಮಾಲೀಕ ಅವನ ಕತ್ತುಪಟ್ಟಿ ಹಿಡಿದು ಎಬ್ಬಿಸಿದ. ಹಗ್ಗ ಬಿಚ್ಚುವ ತಾಳ್ಮೆ ಯಾರಿಗೂ ಇರಲಿಲ್ಲ. ಕತ್ತರಿಸಿದರು.

ಕೊನೆಯ ಸಾಲಿನಲ್ಲಿ ಅವನ ಹೆಂಡತಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದಳು. ಭುಜ ಅಲುಗುತ್ತಿತ್ತು.

ಮನೆಗೆ ಮರಳುವ ದಾರಿಯಲ್ಲಿ ಮುಂದೆ ನಿಧಾನಪ್ಪ, ಅವನ ಹಿಂದೆ ಹೆಂಡತಿ, ಅವಳ ಹಿಂದೆ ತಲೆ ತಗ್ಗಿಸಿದ ಬೀದಿ. ಅವನ ಹೆಜ್ಜೆ ಮಾಮೂಲಿನ ಹೆಜ್ಜೆಯೇ. ಎದುರು ಬಂದ ಅಪರಿಚಿತರು ಪಕ್ಕಕ್ಕೆ ಸರಿದು ನಿಂತರು. ಒಬ್ಬ ಬಸ್ಸಿನವನು ಬಸ್ಸು ನಿಲ್ಲಿಸಿ ಟೋಪಿ ತೆಗೆದ.

ಬಾಗಿಲ ಹತ್ತಿರ ಬಂದಾಗ ಇಸ್ತ್ರಿಯವಳು ಹೆಂಡತಿಯ ಮುಖ ನೋಡದೆ ಹೇಳಿದಳು: “ನಮ್ಮ ಮಗಳ ಮದುವೆ ಇದೆಯಲ್ಲಮ್ಮ... ತೀರಾ ಚಿಕ್ಕದಾಗಿ ಮಾಡ್ತಿದೀವಿ. ಬರೀ ಮನೆಯೋರು.”

“ಆಗ್ಲಮ್ಮ” ಎಂದಳು ಹೆಂಡತಿ.

ಅವಳು ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು. ಒಳ್ಳೆಯ ಬಟ್ಟೆ ಬಿಚ್ಚಿ ಮಡಿಸಿ ಪೆಟ್ಟಿಗೆಯ ತಳಕ್ಕೆ ಇಟ್ಟಳು, ಮೇಲೆ ಹಳೆಯ ಕಂಬಳಿ ಹೇರಿದಳು.

ಮಾರನೆಯ ದಿನ ಮಧ್ಯಾಹ್ನ ಒಂದು ಕಾರು ಬೀದಿಯೊಳಗೆ ಬಂದು ಅವರ ಬಾಗಿಲಲ್ಲಿ ನಿಂತಿತು. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಡ್ರೈವರು ಕೈ ಹಿಡಿದು ಇಳಿಸಿದ್ದು ಹಾಲಿನ ಮುದುಕರನ್ನು. ಕಿವಿಯಲ್ಲಿ ಯಂತ್ರವಿತ್ತು. ಒಳಗೆ ಬಂದು ಮಂಚದ ತುದಿಯಲ್ಲಿ ಕೂತರು. ನಿಧಾನಪ್ಪ ಗೋಡೆಗೆ ಅಂಟಿಕೊಂಡು ನಿಂತ. ಹೆಂಡತಿ ಅಡುಗೆಮನೆಯ ಬಾಗಿಲ ಮರೆಗೆ ಸರಿದಳು.

“ತಪ್ಪಾಯ್ತು ದೊಡ್ಡವರೆ” ಎಂದ ನಿಧಾನಪ್ಪ. “ನಿಮ್ಮ ಬಾಯಿ ನೋಡಿ ಮೋಸ ಹೋದೆ.”

“ಬಾಯಿ ಹಾಳಾಗ್ಲಿ, ಕೂತ್ಕೋ. ನಾನು ಬಂದಿದ್ದು ಒಂದು ಮಾತು ಕೇಳೋಕೆ. ನಿನ್ನೆ ಯಂತ್ರ ಜೇಬಲ್ಲಿತ್ತು, ನಂಗೆ ಏನೂ ಕೇಳಿಸ್ಲಿಲ್ಲ. ನೀನು ಮೇಲೆ ಕೂತಿದ್ದೆ. ಎಲ್ಲಾ ಕಾಣ್ತಿತ್ತು ತಾನೆ?”

“ಕಾಣ್ತಿತ್ತು.”

“ನಾನು ಸತ್ತಾಗ ಯಾರು ಅತ್ರು?”

“ಎಲ್ರೂ... ಹಾಲಿಗೆ ಹಾಲೇ...”

“ನೋಡಪ್ಪ, ನೀನು ಸಾವಿನ ಮನೆ ಕಂಡೋನು. ಸುಳ್ಳು ಅಳು ಯಾವುದು, ನಿಜವಾದ ಅಳು ಯಾವುದು ಅಂತ ನಿನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗತ್ತೆ? ನಮ್ಮ ಹುಡುಗ ಅತ್ನಾ?”

“ಅವ್ರಿಗೆ... ಹಾಲಿನ ಜವಾಬ್ದಾರಿ ಇತ್ತಲ್ಲ.”

“ಸೊಸೆ?”

“ಆಮೇಲೆ ಅತ್ರು. ನೀವು ಎದ್ದ ಮೇಲೆ.”

ಮುದುಕರು ತಲೆಯಾಡಿಸಿದರು. ಬೆರಳಿನ ಉಂಗುರವನ್ನು ತಿರುಗಿಸಿದರು. ಬೆರಳು ಕೆಂಪಗೆ ಊದಿಕೊಂಡಿತ್ತು. “ಅಂದ್ರೆ ಒಬ್ರೂ ಇಲ್ಲ.”

ಅಲ್ಲಿಗೆ ಸುಮ್ಮನಿದ್ದರೆ ಅವನು ನಿಧಾನಪ್ಪನೇ ಅಲ್ಲ. “ಒಬ್ರು ಅತ್ರು ದೊಡ್ಡವರೆ” ಎಂದುಬಿಟ್ಟ. “ಕೊನೇ ಸಾಲಲ್ಲಿ. ಒಬ್ಬ ಹೆಂಗಸು. ಭುಜ ಅಲ್ಲಾಡ್ತಿತ್ತು. ನಿಜವಾದ ಅಳು.”

ಮುದುಕರು ಬೆನ್ನು ನೆಟ್ಟಗೆ ಮಾಡಿದರು. “ಕೊನೇ ಸಾಲಲ್ಲಾ? ಯಾರಪ್ಪ ಅದು? ಎಷ್ಟು ವಯಸ್ಸು?” ಅವರ ಕೈ ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲನ್ನು ಸವರಿತು. ಯಾವ ಕಾಲದ ಯಾರು ನೆನಪಾದರೋ.

ಬಾಗಿಲ ಮರೆಯಿಂದ ಹೆಂಡತಿ ಹೊರಗೆ ಬಂದಳು. ಹೊರಗಿನವರ ಮುಂದೆ ಅವಳು ಹೀಗೆ ಬಂದು ನಿಂತದ್ದು ನಿಧಾನಪ್ಪ ಕಂಡಿರಲಿಲ್ಲ.

“ಅದು ನಾನೇ ಅಜ್ಜಾ” ಎಂದಳು. “ಸುಳ್ಳು ಯಾಕೆ ಹೇಳ್ಲಿ, ನಿಮಗೋಸ್ಕರ ಅತ್ತಿದ್ದಲ್ಲ. ಇವರ ಕೆಲಸ ಹೋಯ್ತಲ್ಲ, ಇನ್ನು ನಮ್ಮನ್ನ ಯಾರೂ ಮನೆಗೆ ಕರೆಯೋದಿಲ್ವಲ್ಲ ಅಂತ ಅತ್ತೆ.”

ಮುದುಕರ ಕೈ ತಲೆಯಿಂದ ಕೆಳಗಿಳಿಯಿತು. ನಿಧಾನಪ್ಪ ಕಣ್ಣು ಮುಚ್ಚಿಕೊಂಡ. ಇದ್ದೊಂದು ಸಮಾಧಾನವನ್ನೂ ಇವಳು ಕಿತ್ತುಕೊಂಡಳಲ್ಲ!

“ತುಂಬ ಅಳು ಬಂತಾ?” ಮುದುಕರು ಕೇಳಿದರು.

“ತಡೆಯೋಕೇ ಆಗ್ಲಿಲ್ಲ.”

“ಹ್ಞೂಂ.” ಅವರು ಮಂಚದ ಕಾಲು ಹಿಡಿದು ಎದ್ದರು. ಅಂಗಿಯ ಗುಂಡಿ ಸರಿಮಾಡಿಕೊಂಡು, ದೊಡ್ಡ ಮನೆಯವರು ಬೇಕಾದವರ ಬಾಗಿಲಿಗೆ ಹೋಗಿ ನಿಲ್ಲುವ ಹಾಗೆ ಅವಳ ಮುಂದೆ ನಿಂತರು.

“ನೋಡಮ್ಮ, ನಮ್ಮನೇಲಿ ಒಂದು ಕಾರ್ಯ ಇದೆ. ದಿನ ಗೊತ್ತಾಗಿಲ್ಲ, ಗೊತ್ತಾದ ತಕ್ಷಣ ಆಳು ಬಂದು ಹೇಳ್ತಾನೆ. ಬಾರಿಸೋದು ನಿನ್ನ ಗಂಡಾನೇ, ಬೇರೆಯೋರು ಬೇಡ. ಆದ್ರೆ ನಿನ್ನ ಅವನ ಜೊತೆ ಸೇರಿಸಿ ಕರೀತಿಲ್ಲ. ನಿನ್ನ ಬೇರೆಯಾಗಿ ಕರೀತಿದೀನಿ. ಬರಬೇಕು. ಹಿಂದೆ ನಿಲ್ಲಬಾರ್ದು, ಮುಂದೆ ಬಂದು ನನ್ನ ಹತ್ರ ಕೂರಬೇಕು. ಯಾಕೆ ಅಳ್ತಿದೀಯ ಅಂತ ನಮ್ಮನೇಲಿ ಯಾರೂ ಕೇಳೋದಿಲ್ಲ.”

ಅವಳು ಬರುತ್ತೇನೆಂದು ತಲೆಯಾಡಿಸಿದಳು.

ಕಾರು ಬೀದಿ ದಾಟುವವರೆಗೂ ಇಸ್ತ್ರಿಯವಳು ತಡೆದುಕೊಂಡಿದ್ದಳು. ಆಮೇಲೆ ಓಡಿ ಬಂದೇಬಿಟ್ಟಳು. “ಯಾರಮ್ಮ ಅದು? ಪೊಲೀಸಿಗೆ ಕೊಡ್ತಾರಂತಾ?”

“ಇಲ್ಲ. ಕರೆಯೋಕೆ ಬಂದಿದ್ರು.”

“ಕರೆಯೋಕಾ? ಯಾರನ್ನ?”

“ನನ್ನನ್ನ” ಎಂದಳು ಹೆಂಡತಿ.

“ದೊಡ್ಡ ಮನೆ ಕಾರ್ಯ!” ಇಸ್ತ್ರಿಯವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. “ಯಾವಾಗಂತೆ?”

ಹೆಂಡತಿ ಕಾರು ಹೋದ ದಿಕ್ಕಿಗೆ ನೋಡಿದಳು.

“ಅವಸರ ಏನಿಲ್ಲ ಅಂತ ನಾನೇ ಹೇಳಿ ಕಳಿಸ್ದೆ.”